ಅಕ್ಕಿ ಡಬ್ಬದ ಮುಚ್ಚಳ ತೆಗೆಸುತ್ತಿದ್ದವರು

ಯಾರ ಮನೆಗೆ ಹೋದರೂ ನಮ್ಮ ಕಡೆ ಮೊದಲು ನೀರು, ಬೆಲ್ಲ ತಂದಿಡುತ್ತಾರೆ. ಮೇಡಂ ಆ ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಲೋಟ ಕೆಳಗಿಡುವ ಮೊದಲೇ ಕೇಳುತ್ತಿದ್ದರು: "ನಿಮ್ಮ ಅಕ್ಕಿ ಡಬ್ಬ ಒಮ್ಮೆ ನೋಡಬಹುದಾ?"

ಮನೆಯವರು ಮೇಡಂ ಮುಖ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಜೊತೆಗೆ ಕರೆದುಕೊಂಡು ಬಂದವಳು ನಾನಲ್ವಾ? ಅಲೆವೂರಿನ ಒಬ್ಬರಂತೂ ನನ್ನನ್ನು ಹಿಂದಿನ ಬಾಗಿಲಿಗೆ ಕರೆದು, "ಇವರೆಂತ ರೇಷನ್ ಕಾರ್ಡಿನ ತನಿಖೆಗೆ ಬಂದವರಾ?" ಎಂದು ಪಿಸುಗುಟ್ಟಿದ್ದರು.

"ಅಲ್ಲ ಮಾರಾಯ್ತಿ, ನಮ್ಮ ಕಾಲೇಜಿನ ಲೆಕ್ಚರರ್. ಸಂಶೋಧನೆ ಮಾಡ್ತಾರೆ."

"ಅಕ್ಕಿ ಡಬ್ಬದಲ್ಲಿ ಎಂತ ಸಂಶೋಧನೆ? ಹುಳ ಉಂಟಾ ಅಂತ ನೋಡ್ಲಿಕ್ಕಾ?"

ಆ ಮೇಡಂ ತೀರಿಹೋಗಿ ಎರಡು ತಿಂಗಳಾಯಿತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ತುಂಬಿಸುತ್ತಿದ್ದ ಫಾರಂಗಳಲ್ಲಿಯೂ ಯಾರ ಹೆಸರೂ ಇರುತ್ತಿರಲಿಲ್ಲ, ಮನೆಗೊಂದು ನಂಬರು ಮಾತ್ರ. "ಹೆಸರು ಬರೆದ ಕೂಡಲೇ ಜನ ಒಳ್ಳೆಯವರಾಗಿಬಿಡ್ತಾರೆ ಸುಮತಿ. ನನಗೆ ಒಳ್ಳೆಯವರು ಬೇಡ, ಇದ್ದ ಹಾಗೆ ಇರುವವರು ಬೇಕು" ಎನ್ನುತ್ತಿದ್ದರು.

ಮಣಿಪಾಲದ ಒಂದು ಕಾಲೇಜಿನ ವಾಣಿಜ್ಯ ವಿಭಾಗದಲ್ಲಿ ನಾನು ಅಟೆಂಡರ್. ಆಗ ಕೆಲಸ ಖಾಯಂ ಆಗಿರಲಿಲ್ಲ, ಪ್ರತಿ ಮೇ ತಿಂಗಳಲ್ಲಿ ಮುಂದುವರಿಸುತ್ತಾರೋ ಇಲ್ಲವೋ ಎಂಬ ಹೆದರಿಕೆ. ಬಾಗಿಲು ತೆಗೆಯುವುದು, ಜೆರಾಕ್ಸ್ ಮಾಡಿಸುವುದು, ಹನ್ನೊಂದು ಗಂಟೆಗೆ ಎಲ್ಲರಿಗೂ ಚಹಾ ಕೊಡುವುದು ನನ್ನ ಕೆಲಸ. ಮೇಡಂ ಅಲ್ಲಿ ಲೆಕ್ಚರರ್. ಕಾರ್ಕಳದ ಹತ್ತಿರದ ಕುಕ್ಕುಂದೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ತಮ್ಮನ ಮನೆಯ ಕೆಳಗಿನ ಭಾಗದಲ್ಲಿ ಅವರದೇ ಒಂದು ಅಡುಗೆಮನೆ, ಒಂದು ಕೋಣೆ. ಕೊಡೆಯ ಹಿಡಿಗೆ ರಬ್ಬರ್ ಬ್ಯಾಂಡ್ ಸುತ್ತಿ ಅದರಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು. ಪೆನ್ನಿನಲ್ಲಿ ಬರೆದದ್ದು ನಮ್ಮ ಮಳೆಗೆ ಉಳಿಯುವುದಿಲ್ಲವಂತೆ.

ನಲವತ್ತೈದು ದಾಟಿದ ಮೇಲೆ ಅವರು ಪಿಎಚ್‌ಡಿಗೆ ಹೆಸರು ನೋಂದಾಯಿಸಿದ್ದು. ವಿಷಯ, ಜನ ಒಂದು ಸಾಮಾನನ್ನು ಬಿಟ್ಟು ಇನ್ನೊಂದನ್ನು ಯಾಕೆ ಆರಿಸಿಕೊಳ್ಳುತ್ತಾರೆ ಎಂಬುದು. ಆ ವಿಷಯದಲ್ಲಿ ವಿಭಾಗದ ಬೇರೆಯವರೂ ಕೆಲಸ ಮಾಡುತ್ತಿದ್ದರು. ಅವರೆಲ್ಲ ಪ್ರಶ್ನೆಯ ಹಾಳೆಗಳನ್ನು ನೂರಾರು ಜೆರಾಕ್ಸ್ ಮಾಡಿಸಿ ಮಕ್ಕಳ ಕೈಯಲ್ಲಿ ಹಂಚಿಸುವವರು. 'ತುಂಬಾ ಇಷ್ಟ'ದಿಂದ 'ಇಷ್ಟವೇ ಇಲ್ಲ'ದವರೆಗೆ ಐದು ಚೌಕ. ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು. ಮೇಡಂ ಕೂಡ ಮೊದಲು ಸಾಬೂನಿನ ಮೇಲೆ ಹಾಗೆಯೇ ಮಾಡಿದ್ದರಂತೆ. ಎಲ್ಲರೂ ಬೇವು, ಅರಸಿನ, ಗಿಡಮೂಲಿಕೆಯ ಸಾಬೂನೇ ಇಷ್ಟ ಎಂದು ಗುರುತು ಹಾಕಿಕೊಟ್ಟಿದ್ದರು. ಆಮೇಲೊಮ್ಮೆ ಹಾಗೆ ಗುರುತು ಹಾಕಿದ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿ, ಊಟ ಮಾಡಿ ಕೈ ತೊಳೆಯಲು ಒಳಗಿನ ಬಚ್ಚಲಿಗೆ ಹೋದರೆ ಅಲ್ಲಿದ್ದದ್ದು ಘಮಘಮ ಪರಿಮಳದ ಗುಲಾಬಿ ಸಾಬೂನು.

"ನಾನು ಆ ಸಾಬೂನು ಹಿಡಿದುಕೊಂಡು ನಿಂತೇ ಬಿಟ್ಟೆ ಸುಮತಿ. ಹಿಂದೆ ಕ್ಯೂ ಉಂಟು, ಎಲ್ಲರ ಕೈಯೂ ಎಂಜಲು. 'ಎಂತ ಮೇಡಂ, ನಿದ್ದೆಯಾ?' ಅಂತ ಒಬ್ಬರು ಕೇಳಿದರು. ನನಗೆ ಆಗ ಎಚ್ಚರ ಆದದ್ದು!"

ಬಾಯಿ ಹೇಳುವುದು ಬೇರೆ, ಕೈ ಎತ್ತಿಕೊಳ್ಳುವುದು ಬೇರೆ ಎಂದು ಅವರಿಗೆ ಖಾತ್ರಿಯಾದದ್ದು ಅವತ್ತು. ಸಾಬೂನು ಬಿಟ್ಟು ಅಕ್ಕಿ ಹಿಡಿದರು. ನಮ್ಮಲ್ಲಿ ಊಟಕ್ಕೆ ಕುಚ್ಚಲಕ್ಕಿ. ಅದರಲ್ಲಿ ತೌಡು ಉಳಿದ ಕೆಂಪಕ್ಕಿಗೆ ಕಜೆ ಎನ್ನುತ್ತೇವೆ, ಪಾಲಿಶ್ ಮಾಡಿದ್ದು ಬಿಳಿ. ಯಾರನ್ನು ಕೇಳಿದರೂ "ನಾವು ಕಜೆಯೇ ಉಣ್ಣುವುದು, ಆರೋಗ್ಯಕ್ಕೆ ಒಳ್ಳೆಯದು" ಎನ್ನುತ್ತಾರೆ. ನಿಜಕ್ಕೂ ಬೇಯಿಸುವುದು ಯಾವುದು? ಅದು ಮೇಡಂ ಪ್ರಶ್ನೆ. ಅದಕ್ಕೆ ಅವರು ಕಂಡುಕೊಂಡ ದಾರಿ, ಏನೂ ಕೇಳದೆ ಡಬ್ಬದ ಮುಚ್ಚಳ ತೆಗೆಸಿ ನೋಡುವುದು.

ಕಾಪುವಿನ ಪೇಟೆಯಲ್ಲಿ ಬ್ಯಾರಿ ಸಮುದಾಯದ ಹಿರಿಯರೊಬ್ಬರ ಅಕ್ಕಿ ಅಂಗಡಿ ಇತ್ತು. ಎಲ್ಲರಿಗೂ ಅವರು ಕಾಕ. ಶನಿವಾರ ಮಧ್ಯಾಹ್ನ ಮೇಡಂ ಅಲ್ಲಿ ಹೋಗಿ ಚೀಲಗಳ ಪಕ್ಕ ಸ್ಟೂಲಿನ ಮೇಲೆ ಕುಳಿತುಕೊಳ್ಳುವರು. ಬಂದವರ ಕೈ ಯಾವ ಚೀಲಕ್ಕೆ ಹೋಗುತ್ತದೆ, ಅಕ್ಕಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರಾ, ಮೂಸುತ್ತಾರಾ, ಎಲ್ಲ ನೋಡುವುದು.

"ಮೇಡಂ, ಅಕ್ಕಿ ತಗೊಳ್ಳುವವರು ಐದು ನಿಮಿಷ ನಿಲ್ತಾರೆ, ನೀವು ಐದು ಗಂಟೆ ನಿಲ್ತೀರಿ. ತಗೊಳ್ಳುವುದು ಮಾತ್ರ ಇಲ್ಲ" ಎಂದು ಕಾಕ ರೇಗಿಸುತ್ತಿದ್ದರು.

"ನಾನು ಕೂತ ಮೇಲೆ ನಿಮ್ಮ ವ್ಯಾಪಾರ ಜಾಸ್ತಿ ಆಗಿದೆಯಾ ಕಡಿಮೆ ಆಗಿದೆಯಾ, ಅದು ಹೇಳಿ."

"ಜಾಸ್ತಿಯೇ. ನಿಮ್ಮನ್ನು ನೋಡಿ ಆಫೀಸರ್ ಅಂತ ಹೆದರಿ ಯಾರೂ ಚೌಕಾಸಿ ಮಾಡುದಿಲ್ಲ!"

ಆ ಕಾಕನೇ ಹೇಳಿದ್ದರು, ಕಜೆ ಕೇಳುವವರು ಬಹಳ, ಒಯ್ಯುವವರು ಸ್ವಲ್ಪ ಎಂದು. ಅವರ ಕಜೆ ಚೀಲ ಗೋಡೆಗೆ ಒರಗಿಕೊಂಡು ತಿಂಗಳುಗಟ್ಟಲೆ ಹಾಗೆಯೇ ಇರುತ್ತಿತ್ತು.

ಮನೆಗಳಿಗೆ ಹೋಗಲು ಮೇಡಂಗೆ ಒಬ್ಬರು ಬೇಕಿತ್ತು. ತುಳು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಗುರುತಿಲ್ಲದವರಿಗೆ ಯಾರು ಅಡುಗೆಮನೆ ತೋರಿಸುತ್ತಾರೆ? ನನ್ನ ತವರು ಕಾಪುವಿನ ಹತ್ತಿರದ ಇನ್ನಂಜೆ, ಗಂಡನ ಮನೆ ಅಲೆವೂರು, ನಾದಿನಿಯನ್ನು ಕೊಟ್ಟದ್ದು ಕಾರ್ಕಳಕ್ಕೆ. "ನಿಮಗಿಂತ ಒಳ್ಳೆಯ ನಕ್ಷೆ ನನಗೆ ಎಲ್ಲಿ ಸಿಗ್ತದೆ?" ಎಂದು ಕೇಳಿದರು. ನನಗೂ ಖುಷಿ. ಚಹಾ ಲೋಟ ತೊಳೆಯುವವಳನ್ನು ಒಬ್ಬರು ಸಂಶೋಧನೆಗೆ ಕರೆದರಲ್ಲ ಎಂದು.

ಒಂದೇ ಒಂದು ಶರತ್ತು ಹಾಕಿದ್ದರು. ಯಾರಿಗೂ ಮುಂಚೆ ಹೇಳಬಾರದು. ಫಾರಮಿನಲ್ಲಿ ನಾಲ್ಕೇ ಸಾಲು: ತಾರೀಕು, ಮನೆ, ಡಬ್ಬದಲ್ಲಿದ್ದ ಅಕ್ಕಿ, ಮುನ್ಸೂಚನೆ. ಕೊನೆಯ ಸಾಲಿನಲ್ಲಿ ಪ್ರತಿ ಸಲ 'ಇಲ್ಲ' ಎಂದು ಬರೆಯಬೇಕು. "ಈ 'ಇಲ್ಲ' ಇದ್ದರೆ ಮಾತ್ರ ಮೇಲಿನ ಮೂರಕ್ಕೆ ಬೆಲೆ" ಎಂದಿದ್ದರು. ನಾನು ತಲೆ ಆಡಿಸಿದ್ದೆ.

ಮೊದಲು ಹೋದದ್ದು ಇನ್ನಂಜೆಗೆ, ನನ್ನ ತವರಿನ ಪಕ್ಕದ ಗಿರಿಜಕ್ಕನ ಮನೆಗೆ. ಕಾಲೇಜಿಗೆ ರಜೆಯಿದ್ದ ಶನಿವಾರ, ಬೆಳಿಗ್ಗೆ ಹತ್ತೂವರೆ ಹೊತ್ತು. ಗಿರಿಜಕ್ಕ ಹಿಂದಿನ ಜಗಲಿಯಲ್ಲಿ ನೈಟಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಬೂತಾಯಿ ಮೀನು ತಿಕ್ಕುತ್ತಿದ್ದಳು. ಕೂದಲಿಗೆ ಎಣ್ಣೆ. ಒಳಗೆ ಕುಡಿಯಲು ಕೊಡಲಿಕ್ಕೆ ಹಾಲೂ ಇಲ್ಲ. ಮೇಡಂ ಅದೆಲ್ಲ ನೋಡಲೇ ಇಲ್ಲ ಎಂಬ ಹಾಗೆ ಬೆಲ್ಲ ತಿಂದರು, ನೀರು ಕುಡಿದರು, ಡಬ್ಬ ನೋಡಿದರು. ಬಿಳಿ ಅಕ್ಕಿ. ಬರೆದುಕೊಂಡು, ಕೈ ಮುಗಿದು ಹೊರಟರು. ಅವರು ಗೇಟು ದಾಟುತ್ತಿದ್ದ ಹಾಗೆ ಗಿರಿಜಕ್ಕ ನನ್ನ ರಟ್ಟೆ ಹಿಡಿದಳು. ತುಳುವಿನಲ್ಲಿ ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಅರ್ಧ ಸಿಟ್ಟು ಕಡಿಮೆಯಾಗುತ್ತದೆ.

"ಒಂದು ಫೋನ್ ಮಾಡ್ಲಿಕ್ಕೆ ನಿನಗೆ ಕೈಯಲ್ಲಿ ಎಂತ ಆಗಿತ್ತು? ಅಷ್ಟು ಕಲಿತವರನ್ನು ಕರ್ಕೊಂಡು ಬಂದು ನನ್ನನ್ನು ಮೀನಿನ ಕೈಯಲ್ಲಿ ನಿಲ್ಲಿಸಿದೆಯಲ್ಲ! ನಿನ್ನ ಅಮ್ಮ ಇದ್ದಿದ್ದರೆ ಹೀಗೆ ಮಾಡ್ತಿದ್ದರಾ?"

ಅಮ್ಮನ ಮಾತು ಎತ್ತಿದಳಲ್ಲ, ಅದು ನನಗೆ ನಾಟಿತು. ಹೌದು, ಅಮ್ಮ ಯಾರ ಮನೆಗೂ ಹೇಳದೆ ಹೋದವಳಲ್ಲ. ಫೋನಿಲ್ಲದ ಕಾಲದಲ್ಲೂ ಹಾಲಿನವರ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು. ಮುಂದಿನ ಶನಿವಾರ ಹೋಗಬೇಕಾದ ಮನೆಗೆ ಶುಕ್ರವಾರ ಸಂಜೆಯೇ ಫೋನ್ ಮಾಡಿದೆ. "ನಾಳೆ ಮೇಡಂ ಬರ್ತಾರೆ. ಎಂತ ಬೇಡ, ಸುಮ್ಮನೆ ಅಕ್ಕಿ ಡಬ್ಬ ನೋಡಿ ಹೋಗ್ತಾರೆ ಅಷ್ಟೆ."

ಅಷ್ಟೇ ಹೇಳಿದ್ದು ನಾನು. ಅಷ್ಟು ಸಾಕಾಯಿತು.

ಗುರುತಿನ ಮನೆಗಳಿಗೆಲ್ಲ ಹೀಗೆ ಫೋನ್ ಮಾಡಿದೆ. ನಂಬರ್ ಇಲ್ಲದವರಿಗೆ, ಲೈನ್ ಸಿಗದವರಿಗೆ ಇಲ್ಲ. ಅಕ್ಕಿಗೂ ಫೋನಿಗೂ ಏನು ಸಂಬಂಧ ಎಂದು ನಾನು ಯೋಚನೆ ಮಾಡಿಯೇ ಇರಲಿಲ್ಲ. ಮನೆಯವರು ಸೀರೆ ಉಟ್ಟು ನಿಂತಿರಲಿ, ಚಹಾಕ್ಕೆ ಹಾಲಿರಲಿ ಎಂದಷ್ಟೇ ನನ್ನ ಲೆಕ್ಕ. ಆಮೇಲೊಂದು ಶನಿವಾರ ಇನ್ನಂಜೆಯ ಇನ್ನೊಂದು ಮನೆಯಲ್ಲಿ ಡಬ್ಬ ತಂದಿಟ್ಟರು. ನೀಲಿ ಮುಚ್ಚಳದ, ಬದಿಯಲ್ಲಿ ಸುಟ್ಟ ಕಲೆ ಇದ್ದ ಡಬ್ಬ. ಎರಡು ವಾರದ ಹಿಂದೆ ನಾಲ್ಕು ಮನೆ ಆಚೆ ನೋಡಿದ್ದ ಅದೇ ಡಬ್ಬ. ಒಳಗೆ ಅದೇ ಕಜೆ ಅಕ್ಕಿ. ಮೇಡಂ ಬರುತ್ತಾರೆಂದು ಡಬ್ಬದ ಸಮೇತ ಸಾಲ ತಂದಿದ್ದರು. ಮೇಡಂ ಒಂದು ಹಿಡಿ ಅಕ್ಕಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಅವರ ಕಣ್ಣು ಅಕ್ಕಿಯ ಮೇಲೆಯೇ. ನಾನು ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಮನೆಯಾಕೆ ಮೇಡಂ ಬೆನ್ನ ಹಿಂದಿನಿಂದ ನನಗೆ ಕಣ್ಣು ಹೊಡೆದಳು.

ಅವತ್ತು ಬಸ್ಸಿನಲ್ಲಿ ಹೇಳಿಬಿಡಬಹುದಿತ್ತು. ಮೇಡಂ ಕಡಲೆ ಪೊಟ್ಟಣ ಬಿಚ್ಚಿ ನನಗೆ ಅರ್ಧ ಕೊಟ್ಟರು, ಫಾರಂ ತೊಡೆಯ ಮೇಲೆ ಇಟ್ಟುಕೊಂಡು 'ಮುನ್ಸೂಚನೆ: ಇಲ್ಲ' ಎಂದು ಬರೆದರು. ನಾನು ಕಡಲೆ ತಿಂದೆ.

ಮಾತು ಕೊಟ್ಟು ತಪ್ಪಿದ್ದು ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು. ಅದಕ್ಕಿಂತ ಹೆಚ್ಚಿನದು ನಾಚಿಕೆ. ಇನ್ನಂಜೆಯವರು ಅಕ್ಕಿ ಸಾಲ ತಂದು ತೋರಿಸುತ್ತಾರೆ ಎಂದು ನನ್ನ ಬಾಯಿಂದ ಹೇಗೆ ಹೇಳಲಿ? ನಡುವೆ ಫೋನ್ ನಿಲ್ಲಿಸಬೇಕೆಂದು ಅಂದುಕೊಂಡೆ. ಆದರೆ ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದಿದ್ದರೆ ಆ ಇನ್ನೊಬ್ಬರು ಬಿಡುತ್ತಾರಾ? ಹೀಗೆ ಅದು ನಡೆದೇ ನಡೆಯಿತು, ಒಂದು ವರ್ಷಕ್ಕಿಂತ ಹೆಚ್ಚು.

ಮೇಡಂ ಎಲ್ಲವನ್ನೂ ಕೂಡಿಸಿ ನೋಡಿದಾಗ ತಲೆಬುಡ ಸಿಗಲಿಲ್ಲ. ಕೆಲವು ಮನೆಗಳಲ್ಲಿ ಕಜೆ, ಕೆಲವುಗಳಲ್ಲಿ ಬಿಳಿ. ಒಂದೇ ಬೇಲಿಯ ಆಚೆ ಕಜೆ, ಈಚೆ ಬಿಳಿ. ಕಾಕನ ಅಂಗಡಿಯಲ್ಲಿ ನೋಡಿದರೆ ಅಷ್ಟು ಕಜೆ ಮಾರಾಟವೇ ಆಗಿಲ್ಲ. ಅವರ ಗೈಡ್ ಸರ್ ವಿಭಾಗಕ್ಕೆ ಬಂದು ಹಾಳೆ ತಿರುಗಿಸಿ ನಕ್ಕರು. "ಮೇಡಂ, ಒಂದಾ ಅಂಗಡಿಯವ ಸುಳ್ಳು ಹೇಳ್ತಾನೆ, ಇಲ್ಲ ಡಬ್ಬ ಸುಳ್ಳು ಹೇಳ್ತದೆ. ನೀವು ಎಲ್ಲರ ಹಾಗೆ ಐದು ಚೌಕದ ಪ್ರಶ್ನಾವಳಿ ಮಾಡಿ, ಆರು ತಿಂಗಳಲ್ಲಿ ಮುಗಿಸುವ."

ಮೇಡಂ ಒಪ್ಪಲಿಲ್ಲ. ಕಾರಣ ಹುಡುಕಲು ಹೊರಟರು. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದಾರಾ, ಗದ್ದೆ ಉಂಟಾ, ದುಬೈಯಲ್ಲಿ ಯಾರಾದರೂ ದುಡಿಯುತ್ತಾರಾ, ಅಡುಗೆ ಮಾಡುವುದು ಅತ್ತೆಯಾ ಸೊಸೆಯಾ, ಗ್ಯಾಸಾ ಕಟ್ಟಿಗೆಯಾ. ಒಂದೊಂದನ್ನೂ ಹಾಳೆಯ ಮೇಲೆ ಬರೆದು, ಅಕ್ಕಿಗೆ ಜೋಡಿಸಿ ನೋಡಿ, ಕೂಡಿ ಬರದೆ ಅಡ್ಡಗೆರೆ ಎಳೆಯುವರು. ಇಡೀ ಒಂದು ವರ್ಷ ಅವರು ಆ ಕಾರಣವನ್ನು ಹುಡುಕಿದರು. ಆ ಕಾರಣ ದಿನಾ ಹನ್ನೊಂದು ಗಂಟೆಗೆ ಅವರ ಮೇಜಿನ ಮೇಲೆ ಚಹಾ ಇಟ್ಟು ಹೋಗುತ್ತಿತ್ತು.

ಒಂದು ದಿನ ಅವರು ಹಾಳೆಯಿಂದ ತಲೆ ಎತ್ತಿದರು.

"ಸುಮತಿ, ನಾವು ಹೋಗುವುದು ಅವರಿಗೆ ಮೊದಲೇ ಗೊತ್ತಿರುವುದಿಲ್ಲ, ಅಲ್ವಾ?"

ನಾನು ಚಹಾ ಸೋಸುತ್ತಿದ್ದೆ. ಸೋಸುವುದು ನಿಲ್ಲಿಸಲಿಲ್ಲ.

"ಇಲ್ಲ ಮೇಡಂ. ಹೇಗೆ ಗೊತ್ತಾಗ್ತದೆ?"

"ಅದೇ. ನಿಮ್ಮನ್ನು ಕೇಳಿದ್ದೇ ತಪ್ಪು, ಬೇಜಾರು ಮಾಡ್ಕೊಳ್ಬೇಡಿ" ಎಂದರು. ಅವರು ನನ್ನ ಹತ್ತಿರ ಕ್ಷಮೆ ಕೇಳಿದರು. ಇಷ್ಟು ವರ್ಷವಾದರೂ ಚಹಾ ಪಾತ್ರೆಗೆ ಸೋಸುವ ಬಟ್ಟೆ ಹಿಡಿದಾಗೆಲ್ಲ ನನಗೆ ಆ ಮಾತು ಕೇಳಿಸುತ್ತದೆ.

ಪಿಎಚ್‌ಡಿಗೆ ಇಷ್ಟೇ ವರ್ಷ ಎಂದು ಗಡುವು ಉಂಟಂತೆ. ಅದು ಬಂತು. ಎಲ್ಲರ ಹಾಗೆ ಬರೆದು ಕೊಡಿ ಎಂದು ಗೈಡ್ ಸರ್ ಕೊನೆಯ ಸಲ ಹೇಳಿದರು. "ನನಗೇ ಅರ್ಥ ಆಗದ್ದನ್ನು ಅರ್ಥ ಆಗಿದೆ ಅಂತ ಹೇಗೆ ಬರೆಯಲಿ ಸರ್?" ಎಂದು ಮೇಡಂ ಕೈಬಿಟ್ಟರು. ಫಾರಂಗಳನ್ನೆಲ್ಲ ಕಟ್ಟು ಕಟ್ಟಿ, ನನ್ನ ಕೈಯಲ್ಲೇ ದಾರ ಬಿಗಿಸಿ, ಕುಕ್ಕುಂದೂರಿಗೆ ಒಯ್ದರು. ಡಾಕ್ಟರೇಟ್ ಇಲ್ಲದ್ದರಿಂದ ಬಡ್ತಿ ಆಗಲಿಲ್ಲ. ಅವರಿಂದಲೇ ಕಲಿತವರು ಅವರಿಗಿಂತ ಮೇಲಿನ ಕುರ್ಚಿಯಲ್ಲಿ ಕುಳಿತರು. ಮೇಡಂ ಅವರಿಗೆ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದರು, ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ಶನಿವಾರ ಕಾಪುವಿಗೆ ಹೋಗುವುದು ಮಾತ್ರ ನಿಂತಿತು. ತವರಿಗೆ ಹೋದಾಗ ಕಾಕ ಒಮ್ಮೆ ಕೇಳಿದರು: "ನಿಮ್ಮ ಮೇಡಂ ಎಲ್ಲಿ? ಸ್ಟೂಲ್ ಖಾಲಿ ಉಂಟು ಅಂತ ಹೇಳಿ."

ಹೇಳಿದೆ. "ಪಾಪ, ಬೇರೆ ಯಾರಾದರೂ ಕೂತ್ಕೊಳ್ಳಲಿ" ಎಂದರು ಮೇಡಂ. ಅವರ ಕೊಡೆಯ ಹಿಡಿಯಲ್ಲಿ ರಬ್ಬರ್ ಬ್ಯಾಂಡ್ ಇತ್ತು, ಪೆನ್ಸಿಲ್ ಇರಲಿಲ್ಲ.

ಅವರು ನಿವೃತ್ತರಾದ ಮೇಲೆ ಕಾರ್ಕಳದ ನಾದಿನಿ ಮನೆಗೆ ಹೋದಾಗೆಲ್ಲ ಕುಕ್ಕುಂದೂರಿಗೂ ಹೋಗಿ ಬರುವುದು ನನಗೆ ರೂಢಿಯಾಯಿತು. ನನ್ನ ಕೆಲಸ ಅಷ್ಟರಲ್ಲಿ ಖಾಯಂ ಆಗಿತ್ತು. ಅದಕ್ಕೂ ಮೇಡಂ ಅವರೇ ಪ್ರಾಂಶುಪಾಲರ ಕೋಣೆಗೆ ನಾಲ್ಕು ಸಲ ಹೋಗಿದ್ದರು. ಒಂದು ಭಾನುವಾರ ಇಬ್ಬರೂ ಕುಳಿತು ಬಸಳೆ ಬಿಡಿಸುತ್ತಿದ್ದೆವು. ಅವರು ತಮ್ಮಷ್ಟಕ್ಕೆ ಎಂಬ ಹಾಗೆ ಹೇಳಿದರು:

"ನನ್ನ ದಾರಿಯೇ ತಪ್ಪಿತ್ತು ಸುಮತಿ. ಮನುಷ್ಯರು ಸುಳ್ಳು ಹೇಳ್ತಾರೆ ಅಂತ ಡಬ್ಬ ನೋಡ್ಲಿಕ್ಕೆ ಹೋದೆ. ಡಬ್ಬ ನೋಡಿದರೂ ಎಂತ ಗೊತ್ತಾಗುವುದಿಲ್ಲ ಅಂತ ತಿಳೀಲಿಕ್ಕೆ ನನ್ನ ಎಷ್ಟು ವರ್ಷ ಹೋಯ್ತು!"

ಅವರು ತಮ್ಮನ್ನೇ ದಡ್ಡಿ ಎಂದುಕೊಂಡು ಬದುಕುತ್ತಿದ್ದರು. ಅದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಬಸಳೆ ದಂಟು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿಬಿಟ್ಟೆ. ಗಿರಿಜಕ್ಕನ ಬೈಗುಳ, ಶುಕ್ರವಾರದ ಫೋನು, ನೀಲಿ ಮುಚ್ಚಳ, ಚಹಾ ಸೋಸುತ್ತಾ ಹೇಳಿದ ಸುಳ್ಳು.

ಅವರು ಕೈಯಲ್ಲಿದ್ದ ಬಸಳೆಯನ್ನು ಕೆಳಗಿಟ್ಟರು. ಆಮೇಲೆ, "ನೀಲಿ ಮುಚ್ಚಳ!" ಎಂದರು. "ನಾನು ಅಕ್ಕಿ ನೋಡಿದೆ. ಮುಚ್ಚಳ ನೋಡ್ಲಿಲ್ಲ ಮಾರಾಯ್ತಿ." ನಗತೊಡಗಿದರು. ನಕ್ಕು ನಕ್ಕು ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಒರೆಸಿಕೊಂಡಾದ ಮೇಲೂ ಕನ್ನಡಕ ಹಾಕಿಕೊಳ್ಳಲಿಲ್ಲ.

"ಯಾವ ಮನೆಗೆ ಫೋನ್ ಮಾಡಿದ್ದೆ, ಯಾವ ಮನೆಗೆ ಇಲ್ಲ, ನೆನಪುಂಟಾ ನಿನಗೆ?"

ಅಲ್ಲಿಯವರೆಗೆ ಅವರು ನನ್ನನ್ನು ನೀವು ಎಂದೇ ಕರೆಯುತ್ತಿದ್ದರು.

ನೆನಪಿಡುವ ಅಗತ್ಯವೇ ಇರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುವುದು ನನ್ನ ಚಾಳಿ. ಗ್ಯಾಸ್ ಬಂದದ್ದು, ಹಾಲು ಬಾರದ್ದು, ಉಪ್ಪಿನಕಾಯಿ ಭರಣಿಗೆ ತುಂಬಿಸಿದ್ದು, ಯಾರಿಗೆ ಫೋನ್ ಮಾಡಿದ್ದು, ಎಲ್ಲ ತಾರೀಕಿನ ಚೌಕದೊಳಗೆ. ಹಳೆಯ ಕ್ಯಾಲೆಂಡರ್ ಎಸೆಯುವವಳೂ ಅಲ್ಲ. ಮುಂದಿನ ಭಾನುವಾರ ಸುತ್ತಿಕೊಂಡು ಒಯ್ದೆ. ಮೇಡಂ ಫಾರಂಗಳ ಕಟ್ಟು ಬಿಚ್ಚಿದರು. ಪೆನ್ಸಿಲ್ ಹುಡುಕಿದರೆ ಸಿಗಲಿಲ್ಲ. ತಮ್ಮನ ಹೆಂಡತಿ ಮೇಲಿನಿಂದ ಒಂದು ತಂದುಕೊಟ್ಟರು. ನಾನು ಚೌಕದಲ್ಲಿದ್ದದ್ದನ್ನು ಓದಿದೆ, ಅವರು ಮರುದಿನದ ತಾರೀಕು ನೋಡಿ ಆ ಮನೆಯ ಫಾರಂ ತೆಗೆದು ಕೊನೆಯ ಸಾಲಿನ 'ಇಲ್ಲ'ವನ್ನು ಹೊಡೆದು 'ಉಂಟು' ಎಂದು ಬರೆದರು. ಮಧ್ಯಾಹ್ನ ಕಳೆದು ಚಹಾ ಹೊತ್ತಾಗುವಾಗ ನೆಲದ ಮೇಲೆ ಎರಡು ರಾಶಿ ಆಗಿತ್ತು. ಫೋನ್ ಮಾಡಿದ ಮನೆಗಳ ರಾಶಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಜೆ. ಫೋನ್ ಮಾಡದ್ದರಲ್ಲಿ ಬಿಳಿ.

ಮೇಡಂ ಎರಡು ರಾಶಿಯ ನಡುವೆ ಕಾಲು ಚಾಚಿ ಕುಳಿತು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು.

"ನೋಡು, ಎಷ್ಟು ಚೆಂದ ಕೂತಿದೆ! ಯಾರಾದರೂ ನೋಡುವಾಗ ಒಂದು ಅಕ್ಕಿ, ಯಾರೂ ನೋಡದಾಗ ಒಂದು ಅಕ್ಕಿ. ಇಷ್ಟೇ ನಾನು ಹುಡುಕಿದ್ದು. ನಿನ್ನ ಫೋನ್ ಇಲ್ಲದಿದ್ದರೆ ಇದರಲ್ಲಿ ಅರ್ಧ ಮಾತ್ರ ಸಿಗ್ತಿತ್ತು."

"ಹಾಗಾದರೆ ನಾನು ಆಗಲೇ ಹೇಳಿದ್ದಿದ್ದರೆ?"

"ಸ್ವಲ್ಪ ಬೈತಿದ್ದೆ. ಆಮೇಲೆ ಒಂದು ತಿಂಗಳಲ್ಲಿ ಬರೆದು ಮುಗಿಸ್ತಿದ್ದೆ. ನಿನ್ನ ಹೆಸರನ್ನೂ ಹಾಕ್ತಿದ್ದೆ."

ಫೋನ್ ಮಾಡಿದ್ದು ಅವರಿಗೆ ನಷ್ಟ ಮಾಡಲಿಲ್ಲ. ಬಾಯಿ ಮುಚ್ಚಿಕೊಂಡದ್ದು ಮಾಡಿತು. ಅವರಿಗೆ ಬೇಕಾಗಿದ್ದ ಉತ್ತರ ಅಷ್ಟು ವರ್ಷ ನನ್ನ ಅಡುಗೆಮನೆಯಲ್ಲಿ ಮೊಳೆಗೆ ತೂಗಿಕೊಂಡಿತ್ತು. ಈಗ ಎಲ್ಲಿಗೆ ಕೊಡುವುದು? ಗಡುವು ಮುಗಿದು, ನಿವೃತ್ತಿಯೂ ಆಗಿ, ಗೈಡ್ ಸರ್ ಕೂಡ ಊರು ಬಿಟ್ಟಿದ್ದರು. ಮೇಡಂ ಎರಡು ರಾಶಿಯನ್ನೂ ಬೇರೆಬೇರೆ ಕಟ್ಟಿ ಕಪಾಟಿನ ಮೇಲಿಟ್ಟರು. ಹೊರಡುವಾಗ ಗೇಟಿನವರೆಗೆ ಬಂದು ಹೇಳಿದರು:

"ಶಿಕ್ಷೆ ಎಂತ ಗೊತ್ತುಂಟಾ? ಇನ್ನು ಇಲ್ಲಿಗೆ ಬರುವಾಗ ಫೋನ್ ಮಾಡ್ಬಾರದು. ಸುಮ್ಮನೆ ಬರಬೇಕು."

"ಆಯ್ತು ಮೇಡಂ" ಎಂದೆ.

ಮಾಡಿದೆ. ಪ್ರತಿ ಸಲವೂ ಫೋನ್ ಮಾಡಿದೆ. ಬಸ್ಸು ಹತ್ತುವ ಮೊದಲು ಕೈ ತನ್ನಷ್ಟಕ್ಕೇ ಫೋನಿಗೆ ಹೋಗುತ್ತಿತ್ತು. ಹಿರಿಯರು, ಕಲಿತವರು, ಹೇಳದೆ ಹೇಗೆ ನುಗ್ಗುವುದು? "ಮತ್ತೆ ಮಾಡಿದೆಯಾ?" ಎಂದು ನಗುವರು. ನಾನು ಹೋಗುವಾಗ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ಬಾಚಿ ಬಾಗಿಲಲ್ಲಿರುತ್ತಿದ್ದರು. ಕಜೆ ಅನ್ನವೆಂದರೆ ನನಗೆ ಪ್ರೀತಿ ಎಂದು ಯಾವಾಗಲೋ ಹೇಳಿದ್ದೆ. ಹಬೆಯಾಡುವ ಕಜೆ ಅನ್ನ, ಹೆಸರುಕಾಳಿನ ಗಸಿ, ಮಿಡಿ ಉಪ್ಪಿನಕಾಯಿ. ಅವರು ಮಾತ್ರ, "ಈಗಷ್ಟೆ ತಿಂಡಿ ತಿಂದೆ, ನೀನು ಉಣ್ಣು" ಎಂದು ಎದುರು ಕುಳಿತು ಬಡಿಸುವರು. ಸ್ವಲ್ಪ ಇಳಿದಿದ್ದೀರಿ ಮೇಡಂ ಎಂದರೆ, "ನಿವೃತ್ತಿ ಆದವರು ಉಬ್ಬುತ್ತಾರಾ?" ಎನ್ನುವರು. ನಾನು ಎರಡನೆಯ ಸಲ ಹಾಕಿಸಿಕೊಂಡು ಉಣ್ಣುತ್ತಿದ್ದೆ.

ಅವರು ತೀರಿಹೋದ ಸುದ್ದಿ ನಾದಿನಿಯಿಂದ ಬಂತು. ಆಗ ನನಗೆ ಜ್ವರ, ಹೋಗಲಾಗಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅಭ್ಯಾಸದಂತೆ ಫೋನ್ ತೆಗೆದೆ. ಯಾರಿಗೆ ಮಾಡುವುದು? ಮತ್ತೆ ಚೀಲಕ್ಕೆ ಹಾಕಿದೆ.

ಅವರ ತಮ್ಮನ ಹೆಂಡತಿ ಕೆಳಗಿನ ಅಡುಗೆಮನೆ ಖಾಲಿ ಮಾಡುತ್ತಿದ್ದರು. ನನ್ನನ್ನು ನೋಡಿ, "ಅಯ್ಯೋ, ಒಂದು ಫೋನ್ ಮಾಡ್ಬಾರದಿತ್ತಾ? ಎಂತದೂ ಮಾಡಿಲ್ಲ" ಎಂದು ಗಡಿಬಿಡಿಯಲ್ಲಿ ಮಣೆ ಹಾಕಿದರು. "ಊಟ ಮಾಡದೆ ಹೋಗ್ಲಿಕ್ಕಿಲ್ಲ, ಅತ್ತಿಗೆ ಬೈತಾರೆ" ಎಂದು ಅಕ್ಕಿ ಡಬ್ಬದ ಮುಚ್ಚಳ ತೆಗೆದರು.

ಬಿಳಿ ಅಕ್ಕಿ. ಮೆತ್ತಗೆ ಬೇಯುವ, ಸಣ್ಣ ಕಾಳಿನ ಬಿಳಿ ಅಕ್ಕಿ. ಡಬ್ಬದ ಪಕ್ಕದಲ್ಲಿ ಬಟ್ಟೆಯ ಕ್ಲಿಪ್ ಹಾಕಿದ ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎರಡು ಹಿಡಿ ಕಜೆ.

"ಮೇಡಂ ಬಿಳಿ ಉಣ್ಣುತ್ತಿದ್ದರಾ?"

"ಎರಡು ವರ್ಷದಿಂದ ಇದರದ್ದೇ ಗಂಜಿ. ಹೊಟ್ಟೆಯ ತೊಂದರೆ ಇತ್ತಲ್ಲ, ಡಾಕ್ಟ್ರು ಕಜೆ ಮುಟ್ಟಬಾರದು ಅಂದಿದ್ದರು. ನಿಮಗೆ ಹೇಳಿರಲಿಲ್ವಾ?" ಅವರು ಆ ತೊಟ್ಟೆ ಎತ್ತಿದರು. "ಇದು ನಿಮ್ಮ ಅಕ್ಕಿ. ನಿಮ್ಮ ಫೋನ್ ಬಂದ ಕೂಡಲೇ ಎದ್ದು ಸೀರೆ ಉಟ್ಟು ನನಗೆ ಕರೀತಿದ್ದರು, ಸುಮತಿ ಬರ್ತಾಳೆ, ಕಜೆ ತರಿಸು ಅಂತ. ಇಲ್ಲದಿದ್ದರೆ ಆ ಮಂಚದಲ್ಲೇ. ನೀವು ಹೋದ ಮೇಲೆ ಮತ್ತೆ ಮಲಗುವುದು." ತೊಟ್ಟೆಯ ಕ್ಲಿಪ್ ತೆಗೆಯುತ್ತಾ ಕೇಳಿದರು: "ಇದನ್ನೇ ಹಾಕ್ಲಾ?"

"ಬೇಡ" ಎಂದೆ. "ಅವರು ಉಣ್ಣುತ್ತಿದ್ದದ್ದನ್ನೇ ಹಾಕಿ."

ಬಿಳಿ ಗಂಜಿ, ಒಂದು ಚಮಚ ತುಪ್ಪ, ಸುಟ್ಟ ಹಪ್ಪಳ. ಎದುರಿನ ಕೋಣೆಯಲ್ಲಿ ಮಂಚ ಕಾಣುತ್ತಿತ್ತು. ಅಷ್ಟು ಸಲ ಬಂದಿದ್ದರೂ ಆ ಕೋಣೆಯ ಬಾಗಿಲು ತೆರೆದದ್ದನ್ನು ನಾನು ನೋಡಿರಲಿಲ್ಲ. ಕಪಾಟಿನ ಮೇಲೆ ಎರಡು ಕಟ್ಟುಗಳು ಹಾಗೆಯೇ ಇದ್ದವು. ಬೇಕಾದರೆ ಒಯ್ಯಿರಿ ಎಂದರು. ತಂದಿದ್ದೇನೆ.

ಮನೆಗೆ ಬಂದು ಕಾಲು ತೊಳೆದು, ಕ್ಯಾಲೆಂಡರಿನಲ್ಲಿ ಅವತ್ತಿನ ಚೌಕ ಹುಡುಕಿದೆ. ತಾರೀಕು ಅದರಲ್ಲೇ ಇತ್ತು. ಉಳಿದ ಮೂರನ್ನು ಪೆನ್ಸಿಲ್‌ನಲ್ಲಿ ಬರೆದೆ:

ಕುಕ್ಕುಂದೂರು. ಬಿಳಿ. ಮುನ್ಸೂಚನೆ ಇಲ್ಲ.